ದುಡ್ಡು ಕೊಟ್ಟು ಬಿಯರ್ ಕೆಡಿಸಿದ ನಾಲ್ಕು ಭಾನುವಾರಗಳು: ಅಡ್ಡವಾಸನೆ ಕಲಿಸುವ ಒಂದು ಕಿಟ್‌ನ ವಿಮರ್ಶೆ

ಕಳೆದ ಜನವರಿಯಲ್ಲಿ ನಾವು ಐದು ಜನ ಹಣ ಹೊಂದಿಸಿ, ಬಿಯರಿನ ದೋಷಗಳನ್ನು ಮೂಸಿ ಗುರುತಿಸಲು ಕಲಿಸುವ ಒಂದು ಪೆಟ್ಟಿಗೆ ತರಿಸಿಕೊಂಡೆವು. ಅದರೊಳಗಿದ್ದದ್ದು 24 ಸಣ್ಣ ಕ್ಯಾಪ್ಸೂಲ್‌ಗಳು, ಒಂದು ತೆಳುವಾದ ಇಂಗ್ಲಿಷ್ ಕೈಪಿಡಿ ಮತ್ತು ಅಂಕ ಬರೆಯುವ ಹಾಳೆಗಳ ಒಂದು ಕಟ್ಟು. ಪ್ರತಿ ಕ್ಯಾಪ್ಸೂಲಿನಲ್ಲೂ ಒಂದು ಲೀಟರ್ ಬಿಯರನ್ನು ಒಂದೊಂದು ಬಗೆಯಲ್ಲಿ ಕೆಡಿಸುವಷ್ಟು ಪುಡಿ ಇತ್ತು. ಸುಂಕ, ಸಾಗಣೆ ಎಲ್ಲ ಸೇರಿ ತಲೆಗೆ 4,300 ರೂಪಾಯಿ ಬಿತ್ತು. ಒಳ್ಳೆಯ ಬಿಯರನ್ನು ಹಣ ಕೊಟ್ಟು ತಂದು, ಅದಕ್ಕಿಂತ ಹೆಚ್ಚು ಹಣ ಕೊಟ್ಟು ತಂದ ಪುಡಿಯಿಂದ ಅದನ್ನು ಕೆಡಿಸಿ, ಕೆಟ್ಟದ್ದನ್ನು ಗಂಟೆಗಟ್ಟಲೆ ಮೂಸುತ್ತ ಕೂರುವ ಈ ವ್ಯವಹಾರವನ್ನು ನನ್ನ ಹೆಂಡತಿಗೆ ವಿವರಿಸಲು ನಾನು ಎರಡು ಸಲ ಪ್ರಯತ್ನಿಸಿ ಕೈಬಿಟ್ಟೆ. ಇಂಥ ಪೆಟ್ಟಿಗೆಗಳನ್ನು ಮಾರುವ ಕಂಪನಿಗಳು ಕೆಲವೇ ಇವೆ, ಅವುಗಳ ಸರಕೂ ಹೆಚ್ಚುಕಡಿಮೆ ಒಂದೇ ಬಗೆಯದು. ನಾನು ಇಲ್ಲಿ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಒಂದು ಬ್ರಾಂಡಿಗಿಂತ ಈ ಜಾತಿಯ ಸಾಮಾನಿಗೇ ಸೇರಿದವಾದ್ದರಿಂದ ನಾವು ಕೊಂಡ ಕಿಟ್‌ನ ಹೆಸರನ್ನು ಬಿಟ್ಟಿದ್ದೇನೆ.

ನಾನು ಬಿಯರ್ ಉದ್ಯಮದವನಲ್ಲ. ಚಿಕ್ಕಮಗಳೂರಿನ ಕಡೆಯ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಬಹಳ ವರ್ಷ ಕಪ್ಪಿಂಗ್ ಮಾಡಿದವನು. ಚಮಚದಿಂದ ಕಾಫಿಯನ್ನು ಸೊರ್ರೆಂದು ಹೀರಿ, ಬಾಯೆಲ್ಲ ಆಡಿಸಿ, ಉಗಿದು, ಈ ಲಾಟು ರಫ್ತಿಗೆ ಆದೀತೇ ಇಲ್ಲವೇ ಎಂದು ಹೇಳುವುದು ನನ್ನ ಕೆಲಸವಾಗಿತ್ತು. ತಮ್ಮನ ಮಗ ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಬಿಯರ್ ತಯಾರಿಸುವ ಬ್ರೂವರ್. 2011ರಲ್ಲಿ ಲ್ಯಾವೆಲ್ಲೆ ರಸ್ತೆಯಲ್ಲಿ ಬಿಯರ್ ಕ್ಲಬ್ ಎಂಬ ಮೈಕ್ರೋಬ್ರೂವರಿ ಬಾಗಿಲು ತೆರೆದಾಗ ಅವನು ಇನ್ನೂ ಶಾಲೆಯ ಹುಡುಗ. ಅಮೆರಿಕದಲ್ಲಿ 2008ರಲ್ಲಿ ಶುರುವಾದ, ಬಿಯರ್ ಪರಿಣತರಿಗೆ ಪ್ರಮಾಣಪತ್ರ ಕೊಡುವ ಸಿಸೆರೋನ್ ಪರೀಕ್ಷೆಯ ಎರಡನೆಯ ಹಂತಕ್ಕೆ ಈಗ ತಯಾರಿ ನಡೆಸಿದ್ದಾನೆ. ಆ ಹಂತದಲ್ಲಿ ಬರೆಯುವ ಪರೀಕ್ಷೆಯ ಜೊತೆಗೆ ರುಚಿಯ ಪರೀಕ್ಷೆಯೂ ಇರುತ್ತದೆ. ಲೋಟದಲ್ಲಿಟ್ಟ ಬಿಯರಿನಲ್ಲಿ ಯಾವ ದೋಷವಿದೆ ಎಂದು ಹೆಸರಿಸಿ ಹೇಳಬೇಕು. "ದೊಡ್ಡಪ್ಪ, ನಿಮ್ಮ ಮೂಗು ಇದ್ದರೆ ನಮಗೊಂದು ಅಳತೆಗೋಲು ಇದ್ದ ಹಾಗೆ" ಎಂದು ಅವನು ಕರೆದಾಗ ನನಗೆ ಒಳಗೊಳಗೇ ಹಿಗ್ಗಾಯಿತು. ಆ ಹಿಗ್ಗು ಮೊದಲ ಭಾನುವಾರದ ಮಧ್ಯಾಹ್ನದವರೆಗೂ ಉಳಿಯಲಿಲ್ಲ.

ಕಿಟ್‌ನ ಕೆಲಸ ಹೀಗೆ. ವಾಸನೆ ಕೊಡುವ ಅಣುಗಳನ್ನು ಸೈಕ್ಲೋಡೆಕ್ಸ್‌ಟ್ರಿನ್ ಎಂಬ, ಪಿಷ್ಟದಿಂದ ತಯಾರಾಗುವ ಪುಡಿಯೊಳಗೆ ಹಿಡಿದಿಟ್ಟಿರುತ್ತಾರೆ. ಪುಡಿಯನ್ನು ಬಿಯರಿಗೆ ಹಾಕಿ ಮೆಲ್ಲಗೆ ಅಲ್ಲಾಡಿಸಿದರೆ ಅದು ಕರಗಿ ವಾಸನೆಯನ್ನು ಬಿಟ್ಟುಕೊಡುತ್ತದೆ. ಸಾಮಾನ್ಯ ಮನುಷ್ಯನ ಮೂಗಿಗೆ ಹತ್ತುವ ಕನಿಷ್ಠ ಪ್ರಮಾಣದ ಸುಮಾರು ಮೂರು ಪಟ್ಟು ಹಾಕುವಂತೆ ಅಳತೆ ಇಟ್ಟಿದ್ದಾರೆ. ಬೆರೆಸಲು ಬೇಕಾದದ್ದು ಆದಷ್ಟು ಸಪ್ಪೆಯ, ಕಹಿಗಾಗಿ ಹಾಕುವ ಹಾಪ್ಸ್ ಹೂವು ಕಡಿಮೆಯಿರುವ, ಒಂದೇ ಬ್ಯಾಚಿನ ಲಾಗರ್ ಬಿಯರ್. ಬ್ಯಾಚ್ ಸಂಖ್ಯೆಯನ್ನು ನೋಡದೆ ಎರಡು ಅಂಗಡಿಗಳಿಂದ ತಂದ ಬಾಟಲಿಗಳನ್ನು ಮೊದಲ ದಿನ ಬೆರೆಸಿಕೊಂಡೆವು. ಆಮೇಲೆ ನಮಗೆ ಕಂಡ ವ್ಯತ್ಯಾಸ ಪುಡಿಯದೋ ಬಾಟಲಿಯದೋ ತಿಳಿಯದೆ ಅರ್ಧ ದಿನ ವ್ಯರ್ಥವಾಯಿತು. ಇದನ್ನು ಕೈಪಿಡಿ ಎಚ್ಚರಿಸಿಯೇ ಇದೆ, ನಾವು ಓದಲಿಲ್ಲ.

ಏನೂ ಬೆರೆಸದ ಬಿಯರಿನ ಒಂದು ಲೋಟ ಸದಾ ಪಕ್ಕದಲ್ಲಿರಬೇಕು. ಕಪ್ಪಿಂಗ್ ಕೋಣೆಯಲ್ಲೂ ನಮಗೆ ಇದೇ ರೂಢಿ ಇತ್ತು, ತುಲನೆಗೆ ಒಂದು ಶುದ್ಧವಾದ ಕಪ್ಪು ಇಲ್ಲದೆ ಮೇಜಿನ ಮುಂದೆ ನಿಲ್ಲುತ್ತಿರಲಿಲ್ಲ. ಅದರ ಮೇಲೆ ಸೋದರನ ಮಗ ತ್ರಿಕೋನ ಪರೀಕ್ಷೆಯನ್ನೂ ಸೇರಿಸಿದ. ಮೂರು ಲೋಟಗಳಲ್ಲಿ ಎರಡು ಒಂದೇ, ಒಂದು ಬೇರೆ. ಬೇರೆಯದು ಯಾವುದೆಂದು ಹೇಳಬೇಕು, ಅಷ್ಟೇ. 1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲಿ ರೂಪುಗೊಂಡ ಈ ಸರಳ ಆಟ ಮನುಷ್ಯನ ಜಂಬವನ್ನು ಇಳಿಸುವುದರಲ್ಲಿ ಎತ್ತಿದ ಕೈ. ಕಣ್ಣುಮುಚ್ಚಿ ಬೆರಳಿಟ್ಟರೂ ಮೂರಕ್ಕೊಂದು ಸಲ ಸರಿಯಾಗುತ್ತದೆ. ಹಾಗಾಗಿ 12 ಸುತ್ತುಗಳಲ್ಲಿ ಕನಿಷ್ಠ 8 ಸರಿಯಾದರೆ ಮಾತ್ರ ಅದನ್ನು ಅದೃಷ್ಟವಲ್ಲ ಎಂದು ಒಪ್ಪುವುದು ವಾಡಿಕೆ. ಬೆಣ್ಣೆಯ ವಾಸನೆ ಕೊಡುವ ಡೈಅಸಿಟೈಲ್‌ನ ಅಳತೆಯನ್ನು ಮೂರನೆಯ ಒಂದು ಪಾಲಿಗೆ ಇಳಿಸಿ ಕೊಟ್ಟಾಗ ನಾನು ಗೆದ್ದದ್ದು 5. ಮೂವತ್ತು ವರ್ಷ ಮೂಗನ್ನೇ ನಂಬಿ ಸಂಬಳ ಪಡೆದವನಿಗೆ ಇದು ಸಣ್ಣ ಮಾತಲ್ಲ.

ಈ ಡೈಅಸಿಟೈಲ್ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಕಿಟ್‌ನ ಶಕ್ತಿಯೂ ಮಿತಿಯೂ ನನಗೆ ಇಲ್ಲಿಯೇ ಕಂಡವು. ಯೀಸ್ಟ್ ತನಗೆ ಬೇಕಾದ ವ್ಯಾಲೀನ್ ಎಂಬ ಅಮೈನೊ ಆಮ್ಲವನ್ನು ತಯಾರಿಸಿಕೊಳ್ಳುವಾಗ ನಡುವಿನ ಒಂದು ವಸ್ತು ಹೊರಕ್ಕೆ ಸೋರುತ್ತದೆ, ಅದು ಬಿಯರಿನಲ್ಲಿ ತಾನಾಗಿಯೇ ಡೈಅಸಿಟೈಲ್ ಆಗುತ್ತದೆ. ಯೀಸ್ಟಿಗೆ ಸಮಯ ಕೊಟ್ಟರೆ ಅದೇ ಇದನ್ನು ಮರಳಿ ಒಳಗೆ ಎಳೆದುಕೊಂಡು ಬಹುಮಟ್ಟಿಗೆ ವಾಸನೆಯಿಲ್ಲದ ವಸ್ತುವಾಗಿ ಮಾಡುತ್ತದೆ. ಅದಕ್ಕೇ ಲಾಗರ್ ಮಾಡುವವರು ಹುದುಗು ಮುಗಿಯುವ ಹೊತ್ತಿಗೆ ಟ್ಯಾಂಕಿನ ಉಷ್ಣಾಂಶವನ್ನು 16 ಡಿಗ್ರಿಯ ಆಸುಪಾಸಿಗೆ ಏರಿಸಿ ಎರಡು ಮೂರು ದಿನ ಬಿಡುತ್ತಾರೆ. ಗಿರಾಕಿ ಕಾಯುತ್ತಿದ್ದಾನೆ, ಟ್ಯಾಂಕ್ ಖಾಲಿಯಾಗಬೇಕು ಎಂದು ಅವಸರ ಮಾಡಿದ ಕಡೆ ಡೈಅಸಿಟೈಲ್ ಲೋಟದವರೆಗೂ ಬರುತ್ತದೆ. ಪೀಪಾಯಿಯಿಂದ ಲೋಟಕ್ಕೆ ಬಿಯರ್ ತರುವ ಡ್ರಾಟ್ ಪೈಪನ್ನು ತೊಳೆಯದಿದ್ದರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳೂ ಇದನ್ನು ಉಂಟುಮಾಡಬಲ್ಲವು. ಲಾಗರಿನಲ್ಲಿ ಲೀಟರಿಗೆ ಸುಮಾರು 0.1 ಮಿಲಿಗ್ರಾಂ ಇದ್ದರೂ ಮೂಗು ಚುರುಕಾದವರಿಗೆ ಗೊತ್ತಾಗುತ್ತದೆ.

ಕೈಪಿಡಿ ಇದನ್ನು ಬೆಣ್ಣೆ ಸವರಿದ ಪಾಪ್‌ಕಾರ್ನ್ ಎನ್ನುತ್ತದೆ. ಸಿನೆಮಾ ಮಂದಿರದಲ್ಲಿ ಸಿಗುವ ಹಳದಿ ಪಾಪ್‌ಕಾರ್ನನ್ನು ಬಲ್ಲ ಹುಡುಗರು ತಕ್ಷಣ ತಲೆಯಾಡಿಸಿದರು. ಆದರೆ ನಮ್ಮ ಗುಂಪಿನಲ್ಲಿ ಹಾಲಿನ ಡೇರಿಯ ಪ್ರಯೋಗಾಲಯದಲ್ಲಿ ದುಡಿದ ಒಬ್ಬ ಮಹನೀಯರಿದ್ದರು. ಅವರು ಲೋಟವನ್ನು ಮೂಸಿ, ಮತ್ತೊಮ್ಮೆ ಮೂಸಿ, "ಇದೇ ಚೆನ್ನಾಗಿರೋದಲ್ವಾ?" ಎಂದರು. ನಾವು ನಕ್ಕೆವು, ಆದರೆ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮೊಸರು ಕಡೆದು ತೆಗೆದ ಬೆಣ್ಣೆಯ ಘಮದಲ್ಲಿರುವುದೂ ಡೈಅಸಿಟೈಲೇ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಅದನ್ನು ತಯಾರಿಸುತ್ತವೆ. ರೊಟ್ಟಿಯ ಮೇಲೆ ಬೆಣ್ಣೆಯ ಮುದ್ದೆ ಇಟ್ಟುಕೊಂಡು ಬೆಳೆದ ಮೂಗಿಗೆ ಇದು ದೋಷವೆಂದು ಹೇಳಿಕೊಡುವುದು ಹೇಗೆ? ಪಾಪ್‌ಕಾರ್ನ್ ಎಂಬ ಪದ ಆ ಕೆಲಸ ಮಾಡಲಿಲ್ಲ. ಕೊನೆಗೆ ಅವರಿಗೆ ದಾರಿ ಸಿಕ್ಕಿದ್ದು ವಾಸನೆಯಿಂದಲ್ಲ, ನಾಲಿಗೆಯ ಮೇಲಿನ ಜಿಡ್ಡಿನಿಂದ. ಎಣ್ಣೆ ಇಲ್ಲದ ಪಾನೀಯದಲ್ಲಿ ಬಾಯಿ ಜಾರಿದಂತೆನಿಸಿದರೆ ಅದು ಇಲ್ಲಿ ಇರಬಾರದ್ದು ಎಂದು ಅವರೇ ಸೂತ್ರ ಕಟ್ಟಿಕೊಂಡರು. ಆಮೇಲಿನ ವಾರಗಳಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಸಲ ಸರಿಯಾಗಿ ಹಿಡಿದವರೂ ಅವರೇ. ಕೆಲವು ಚೆಕ್ ಲಾಗರುಗಳಲ್ಲಿಯೂ ಇಂಗ್ಲಿಷ್ ಏಲ್‌ಗಳಲ್ಲಿಯೂ ಇದರ ಒಂದು ಸಣ್ಣ ಎಳೆಯನ್ನು ಒಪ್ಪುತ್ತಾರೆ ಎಂದು ಹುಡುಗ ಓದಿ ಹೇಳಿದಾಗ ಅವರು ನಮ್ಮತ್ತ ನೋಡಿದ ನೋಟ ಇನ್ನೂ ನೆನಪಿದೆ.

ಈ ಕಿಟ್‌ನ ಕುರಿತು ನಾನು ಹೇಳಬೇಕೆಂದಿರುವುದೂ ಇದನ್ನೇ. ಪೆಟ್ಟಿಗೆ ವಾಸನೆಯನ್ನು ಕೊಡುತ್ತದೆ, ಹೆಸರನ್ನು ಕೊಡುವುದಿಲ್ಲ. ಕೊಟ್ಟಿರುವ ಹೆಸರುಗಳು ಬೇರೆ ಅಡುಗೆಮನೆಗಳವು. ಡೆನ್ಮಾರ್ಕಿನ ಮಾರ್ಟನ್ ಮೈಲ್‌ಗಾರ್ಡ್ 1970ರ ದಶಕದಲ್ಲಿ ಬಿಯರ್ ರುಚಿಗಳ ಚಕ್ರವನ್ನು ರೂಪಿಸಿದ್ದರ ಉದ್ದೇಶವೇ ಎಲ್ಲ ದೇಶದ ಬ್ರೂವರುಗಳೂ ಒಂದು ದೋಷವನ್ನು ಒಂದೇ ಪದದಿಂದ ಕರೆಯಲಿ ಎಂಬುದಾಗಿತ್ತು. ಪರಸ್ಪರ ಮಾತಾಡಲು ಅದು ಬೇಕೇಬೇಕು, ಪರೀಕ್ಷೆಯಲ್ಲಿ ಬರೆಯಬೇಕಾದದ್ದೂ ಆ ಪದವನ್ನೇ. ಆದರೆ ವಾಸನೆ ನೆನಪಿನಲ್ಲಿ ನಿಲ್ಲುವುದು ಆ ಪದದ ಮೇಲಲ್ಲ. ಅದು ನಿಲ್ಲುವುದು ನಮಗೆ ಹತ್ತು ವರ್ಷ ತುಂಬುವುದರೊಳಗೆ ಎಲ್ಲೋ ಮೂಸಿದ್ದ ಯಾವುದೋ ಡಬ್ಬಿಯ, ಗೋಣಿಯ, ಕೋಣೆಯ ಮೇಲೆ. ಎರಡನೆಯ ಭಾನುವಾರದಿಂದ ನಾವು ಅಂಕದ ಹಾಳೆಯಲ್ಲಿ ಒಂದು ಕಾಲಂ ಹೆಚ್ಚಿಗೆ ಎಳೆದುಕೊಂಡೆವು. ಕೈಪಿಡಿಯನ್ನು ತೆರೆಯುವ ಮೊದಲು ಪ್ರತಿಯೊಬ್ಬರೂ ತಮಗೆ ನೆನಪಾದದ್ದನ್ನು ಕನ್ನಡದಲ್ಲಿ ಅಲ್ಲಿ ಬರೆಯಬೇಕು, ನಂತರವೇ ಅಧಿಕೃತ ಹೆಸರು.

ಡಿಎಂಎಸ್ ಎಂದು ಚಿಕ್ಕದಾಗಿ ಕರೆಯುವ ಡೈಮೀಥೈಲ್ ಸಲ್ಫೈಡ್‌ಗೆ ಕೈಪಿಡಿ ಕೊಟ್ಟಿರುವುದು ಡಬ್ಬಿಯಲ್ಲಿ ಬರುವ ಕೆನೆಜೋಳದ ವಾಸನೆ ಎಂಬ ವಿವರಣೆ. ನಮ್ಮ ರಸ್ತೆಬದಿಯಲ್ಲಿ ಜೋಳವನ್ನು ಕೆಂಡದ ಮೇಲೆ ಸುಟ್ಟು, ನಿಂಬೆಹಣ್ಣು, ಖಾರ ಸವರಿ ಕೊಡುತ್ತಾರೆ. ಅದರಿಂದ ಈ ವಾಸನೆಗೆ ದಾರಿಯಿಲ್ಲ. ಐವರಲ್ಲಿ ಮೂವರು ಬರೆದದ್ದು ಒಂದನ್ನೇ, ಎಲೆಕೋಸಿನ ಪಲ್ಯ ತುಂಬಿದ ಟಿಫನ್ ಡಬ್ಬಿಯನ್ನು ಶಾಲೆಯಲ್ಲಿ ಮಧ್ಯಾಹ್ನ ತೆರೆದ ಕ್ಷಣ. ರಸಾಯನಶಾಸ್ತ್ರದ ದೃಷ್ಟಿಯಿಂದಲೂ ಇದು ಸರಿಯಾದ ಊಹೆ, ಬೆಂದ ಕೋಸಿನಲ್ಲೂ ಇದೇ ಗಂಧಕದ ವಸ್ತುವಿದೆ. ಮೊಳಕೆ ಬರಿಸಿ ಒಣಗಿಸಿದ ತಿಳಿಬಣ್ಣದ ಧಾನ್ಯದಲ್ಲಿ, ಅಂದರೆ ಮಾಲ್ಟಿನಲ್ಲಿ, ಇರುವ ಒಂದು ಮೂಲವಸ್ತು ಕಾವಿಗೆ ಒಡೆದು ಡಿಎಂಎಸ್ ಆಗುತ್ತದೆ. ಅದು 37 ಡಿಗ್ರಿಗೇ ಕುದಿಯುವಂಥದ್ದಾದ್ದರಿಂದ ಕಡಾಯಿಯ ಬಾಯಿ ತೆರೆದಿಟ್ಟು ಮಾಲ್ಟಿನ ರಸವನ್ನು ಗಂಟೆ, ಒಂದೂವರೆ ಗಂಟೆ ಜೋರಾಗಿ ಕುದಿಸಿದರೆ ಹಬೆಯೊಡನೆ ಹೊರಟುಹೋಗುತ್ತದೆ. ಮುಚ್ಚಳ ಹಾಕಿದರೆ ಹನಿಯಾಗಿ ಮತ್ತೆ ಒಳಗೇ ಬೀಳುತ್ತದೆ. ಪಲ್ಯದ ಡಬ್ಬಿಯಲ್ಲಿ ಆಗುವುದೂ ಅದೇ ಎಂದು ಹುಡುಗ ಹೇಳಿದ ಮೇಲೆ ಆ ದೋಷವನ್ನು ನಾವು ಯಾರೂ ಮರೆತಿಲ್ಲ.

ಅಸಿಟಾಲ್ಡಿಹೈಡ್‌ಗೆ ಹಸಿರು ಸೇಬು ಎಂದಿದೆ. ಸಕ್ಕರೆ ಆಲ್ಕೋಹಾಲ್ ಆಗುವ ಹಾದಿಯ ಕೊನೆಯ ಮೆಟ್ಟಿಲಿಗೆ ಮುನ್ನ ಇರುವ ವಸ್ತು ಇದು, ಯೀಸ್ಟನ್ನು ಬೇಗ ತೆಗೆದುಬಿಟ್ಟ ಹಸಿ ಬಿಯರಿನಲ್ಲಿ ಉಳಿದುಕೊಳ್ಳುತ್ತದೆ. ನಮ್ಮ ಬಾಲ್ಯದಲ್ಲಿ ಸೇಬು ಎಂದರೆ ರೋಗಿಗೆ ತರುವ ಕೆಂಪು ಹಣ್ಣು. ನನಗೆ ಇದು ಆಗತಾನೇ ಹೆಚ್ಚಿದ ಸಿಹಿಗುಂಬಳದ ಒಳಭಾಗದ ಹಸಿವಾಸನೆ, ಅದರ ಹಿಂದೆ ಹೊಸದಾಗಿ ಬಳಿದ ಪೇಂಟಿನ ಸಣ್ಣ ಘಾಟು. ವಿಚಿತ್ರವೆಂದರೆ ನಮ್ಮ ಪೆಟ್ಟಿಗೆಯ ಅಸಿಟಾಲ್ಡಿಹೈಡ್ ಕ್ಯಾಪ್ಸೂಲು ಸತ್ತಿತ್ತು. ಅದನ್ನು ಬೆರೆಸಿದ ಲೋಟಕ್ಕೂ ಶುದ್ಧ ಲೋಟಕ್ಕೂ ಯಾರಿಗೂ ವ್ಯತ್ಯಾಸ ಸಿಗಲಿಲ್ಲ. ನಾನು ಮೇಲೆ ಹೇಳಿದ ವಾಸನೆ ಕಲಿತದ್ದು ಹುಡುಗ ತನ್ನ ಬ್ರೂವರಿಯ ಟ್ಯಾಂಕಿನಿಂದ ತಂದ, ಇನ್ನೂ ಹುದುಗುತ್ತಿದ್ದ ನಾಲ್ಕನೆಯ ದಿನದ ಬಿಯರಿನಿಂದ. 20 ಡಿಗ್ರಿಗೇ ಆವಿಯಾಗುವ ವಸ್ತುವನ್ನು ಪುಡಿಯಲ್ಲಿ ಹಿಡಿದಿಡುವುದು ಸುಲಭವಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಕಂಪನಿಗೆ ಬರೆದ ಪತ್ರಕ್ಕೆ ಆರು ವಾರಗಳ ಮೇಲೆ, ದಾಸ್ತಾನಿನ ಉಷ್ಣಾಂಶವನ್ನು ಗಮನಿಸಿ ಎಂಬ ಒಂದು ಸಾಲಿನ ಉತ್ತರ ಬಂದದ್ದನ್ನು ಒಪ್ಪಲಾರೆ.

ನನ್ನ ಮಾನ ಸ್ವಲ್ಪ ಮರಳಿದ್ದು ಟಿಸಿಎ, ಅಂದರೆ ಟ್ರೈಕ್ಲೋರೋಅನಿಸೋಲ್ ಬಂದಾಗ. ಲೋಟ ಮೂಗಿನ ಹತ್ತಿರ ಬರುವ ಮೊದಲೇ ಕೈ ತಾನಾಗಿ ಹಿಂದೆ ಸರಿಯಿತು. ಕಾಫಿಯಲ್ಲಿ ಇದನ್ನು ರಿಯೊ ಎನ್ನುತ್ತೇವೆ, ಬ್ರೆಜಿಲ್ಲಿನ ರಿಯೊ ಸೀಮೆಯ ಕಾಫಿಯಿಂದ ಬಂದ ಹೆಸರು. ಲೀಟರಿಗೆ ನ್ಯಾನೊಗ್ರಾಂಗಳ ಲೆಕ್ಕದಲ್ಲಿದ್ದರೂ ಇದು ಇಡೀ ಕಪ್ಪನ್ನು ಆಳುತ್ತದೆ. ಕೈಪಿಡಿ ನೆಲಮಾಳಿಗೆಯ ವಾಸನೆ ಎಂದಿದೆ. ನೆಲಮಾಳಿಗೆ ಇಲ್ಲದ ನಮಗೆ ಮುಗ್ಗಲು ಎಂಬ ಒಂದು ಪದ ಸಾಕು, ಅದರಲ್ಲೂ ಮಳೆಗಾಲದಲ್ಲಿ ಸೋರಿದ ಉಗ್ರಾಣದ ಮೂಲೆಯಲ್ಲಿದ್ದ ಗೋಣಿಚೀಲದ ಮುಗ್ಗಲು. ಕನ್ನಡದಲ್ಲಿ ಕೆಟ್ಟ ವಾಸನೆಗೆ, ಕೆಟ್ಟ ರುಚಿಗೆ ಇರುವ ಪದಗಳ ಸೂಕ್ಷ್ಮವನ್ನು ನಾನು ಗಮನಿಸಿದ್ದೂ ಆ ದಿನವೇ. ಕೊಬ್ಬರಿ ಹಳತಾದರೆ ಕಮಟು, ಹಿಟ್ಟು ತೇವ ಹಿಡಿದರೆ ಮುಗ್ಗಲು, ಅನ್ನ ಕೆಟ್ಟರೆ ಹಳಸಲು, ತಳ ಹಿಡಿದರೆ ಸೀದದ್ದು, ಎಳೆಯ ಕಾಯಿ ಕಚ್ಚಿದರೆ ಒಗರು. ಇವು ಯಾವುವೂ ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುವಂಥವಲ್ಲ. ಇಷ್ಟು ಪದಗಳನ್ನು ಮನೆಯಲ್ಲಿಟ್ಟುಕೊಂಡು ಕೆನೆಜೋಳ, ನೆಲಮಾಳಿಗೆ ಎಂದು ಉರು ಹೊಡೆಯುವುದು ದಡ್ಡತನ.

ಬೆಳಕಿಗೆ ಕೆಟ್ಟ ಬಿಯರಿನ ವಿಷಯದಲ್ಲಿ ಕೈಪಿಡಿ ಇನ್ನೂ ನಿರುಪಯುಕ್ತ. ಸ್ಕಂಕ್ ಎಂಬ ಅಮೆರಿಕದ ಪ್ರಾಣಿ ಬಿಡುವ ದ್ರವದ ವಾಸನೆ ಎಂದು ಬರೆದಿದ್ದಾರೆ. ಆ ಪ್ರಾಣಿ ನಮ್ಮ ದೇಶದಲ್ಲಿಲ್ಲ, ನಮ್ಮಲ್ಲಿ ಯಾರೂ ಅದನ್ನು ಕಂಡವರಲ್ಲ. ಹಾಪ್ಸ್‌ನ ಕಹಿ ಅಣುಗಳು ಬಿಯರಿನಲ್ಲಿರುವ ರೈಬೋಫ್ಲೇವಿನ್‌ನ ಸಹಾಯದಿಂದ ಬೆಳಕಿಗೆ ಒಡೆದು, ಗಂಧಕವಿರುವ ಒಂದು ಥಯೋಲ್ ಆಗುತ್ತವೆ. ಕಂದು ಬಾಟಲಿ ಈ ಬೆಳಕನ್ನು ಬಹುಪಾಲು ತಡೆಯುತ್ತದೆ, ಹಸಿರು ಬಾಟಲಿ ಅಷ್ಟಾಗಿ ತಡೆಯದು, ಬಣ್ಣವಿಲ್ಲದ್ದು ತಡೆಯುವುದೇ ಇಲ್ಲ. ಡೇರಿಯ ಮಹನೀಯರು ಇಂಗಿನ ಡಬ್ಬಿ ಎಂದು ಬರೆದರು, ಇನ್ನೊಬ್ಬರು ಸುಟ್ಟ ರಬ್ಬರ್ ಎಂದರು. ಎರಡೂ ಗಂಧಕದ ಕಡೆಗೇ ಬೆರಳು ತೋರುತ್ತವೆ. ಈ ಒಂದು ದೋಷಕ್ಕೆ ಕಿಟ್ ಬೇಕಾಗಿಯೇ ಇಲ್ಲ. ಹಸಿರು ಬಾಟಲಿಯ ಬಿಯರನ್ನು ತಾರಸಿಯ ಮೇಲೆ ಬೆಂಗಳೂರಿನ ಬಿಸಿಲಿನಲ್ಲಿ ಅರ್ಧ ಗಂಟೆ ಇಟ್ಟು, ತಣ್ಣಗೆ ಮಾಡಿ, ಕತ್ತಲಲ್ಲಿಟ್ಟ ಅದೇ ಬ್ಯಾಚಿನ ಇನ್ನೊಂದರ ಪಕ್ಕದಲ್ಲಿ ಮೂಸಿದರೆ ಕ್ಯಾಪ್ಸೂಲಿಗಿಂತ ಸಹಜವಾದ ಪಾಠ ಸಿಗುತ್ತದೆ.

ಹಳತಾದ ಬಿಯರಿನ ಒದ್ದೆ ರಟ್ಟಿನ ವಾಸನೆಗೆ ಕಾರಣ ಟ್ರಾನ್ಸ್-2-ನೊನೆನಾಲ್. ಅದು ನಮಗೆ ಮಳೆಯಲ್ಲಿ ನೆನೆದ ದಿನಪತ್ರಿಕೆಯ ಕಟ್ಟು, ಅದರಲ್ಲಿ ವಾದವಿರಲಿಲ್ಲ. ವಯಸ್ಸಾದವರ ಮೈವಾಸನೆಯಲ್ಲೂ ನೊನೆನಾಲ್ ಇದೆಯೆಂದು 2001ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದ್ದನ್ನು ಹುಡುಗ ಎಲ್ಲಿಂದಲೋ ಹುಡುಕಿ ಓದಿದ, ಆಮೇಲೆ ನನ್ನ ಮುಖ ನೋಡಿ ಫೋನನ್ನು ಜೇಬಿಗಿಟ್ಟ. ಹಳೆಯ ಹಾಪ್ಸ್‌ನಿಂದ ಬರುವ ಐಸೋವ್ಯಾಲರಿಕ್ ಆಮ್ಲ ಬೆವರಿನ ಕಾಲುಚೀಲ, ಇದು ಎಲ್ಲ ದೇಶದಲ್ಲೂ ಒಂದೇ ಎಂದು ಕಾಣುತ್ತದೆ. ಕ್ಲೋರೋಫೀನಾಲ್ ಆಸ್ಪತ್ರೆಯ ಗಾಯ ಕಟ್ಟುವ ಕೋಣೆ. ನಲ್ಲಿಯ ನೀರಿನ ಕ್ಲೋರಿನ್ನನ್ನು ತೆಗೆಯದೆ ಬ್ರೂ ಮಾಡಿದರೆ ಬರುವ ದೋಷವಾದ್ದರಿಂದ ಬೆಂಗಳೂರಿನ ಬ್ರೂವರುಗಳು ಇದಕ್ಕೆ ಹೆದರುವುದು ಸರಿಯೇ. ಲೋಹದ ರುಚಿಗೆ ಕೈಪಿಡಿ ಒಂದು ಒಳ್ಳೆಯ ಉಪಾಯ ಹೇಳಿಕೊಡುತ್ತದೆ. ಎರಡು ಹನಿ ಬಿಯರನ್ನು ಮುಂಗೈಯ ಹಿಂಭಾಗಕ್ಕೆ ಉಜ್ಜಿ ಮೂಸಿದರೆ, ಕಬ್ಬಿಣವಿದ್ದಲ್ಲಿ ಬಸ್ಸಿನ ಕಂಬಿ ಹಿಡಿದು ನಿಂತ ಅಂಗೈಯ ವಾಸನೆ ಬರುತ್ತದೆ. ಧಾನ್ಯದ ರುಚಿ ಎಂಬ ಕ್ಯಾಪ್ಸೂಲು ಶುದ್ಧ ದಂಡ. ಬಿಯರಿಗೆ ಧಾನ್ಯದ ರುಚಿ ಬೆರೆಸಿ ಗುರುತಿಸಿ ಎಂದರೆ ಏನನ್ನು ಗುರುತಿಸುವುದು?

ಮರ್ಕ್ಯಾಪ್ಟನ್‌ದು ಬೇರೆ ಕಥೆ. ಸತ್ತ ಯೀಸ್ಟಿನ ಮೇಲೆ ಬಹುಕಾಲ ಬಿಟ್ಟ ಬಿಯರಿನಲ್ಲಿ ಬರುವ ಚರಂಡಿಯ ನಾತ ಇದು. ನಮ್ಮ ಕ್ಯಾಪ್ಸೂಲಿನಲ್ಲಿದ್ದದ್ದು ಈಥೈಲ್ ಮರ್ಕ್ಯಾಪ್ಟನ್. ಅಡುಗೆ ಅನಿಲಕ್ಕೆ, ಸೋರಿಕೆ ತಿಳಿಯಲಿ ಎಂದು, ಸೇರಿಸುವುದೂ ಇದನ್ನೇ. ಕ್ಯಾಪ್ಸೂಲನ್ನು ತೆರೆಯುವಾಗ ಪುಡಿ ಚೂರು ಮೇಜಿನ ಮೇಲೆ ಚೆಲ್ಲಿತು, ಅದನ್ನು ಒದ್ದೆ ಬಟ್ಟೆಯಿಂದ ಒರೆಸುವ ತಪ್ಪನ್ನೂ ಮಾಡಿದೆವು. ಎರಡು ನಿಮಿಷದಲ್ಲಿ ನನ್ನ ಹೆಂಡತಿ ಸಾರಿನ ಒಲೆ ಆರಿಸಿ, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿಗಳನ್ನು ತೆರೆದು, "ಎಲ್ಲರೂ ಹೊರಗೆ ಬನ್ನಿ" ಎಂದು ಕೂಗಿದಳು. ಐದು ಜನ ತರಬೇತಿ ಪಡೆಯುತ್ತಿರುವ ಮೂಗುಗಳು ಮೇಜಿನ ಸುತ್ತ ಕುಳಿತು ಇದು ಕೊಳೆತ ಈರುಳ್ಳಿಯೋ ಚರಂಡಿಯೋ ಎಂದು ಚರ್ಚಿಸುತ್ತಿದ್ದೆವು. ಆ ಭಾನುವಾರ ಊಟಕ್ಕೆ ಸಾರು ಇರಲಿಲ್ಲ.

ಮನೆಯಲ್ಲಿ ಇದನ್ನು ನಡೆಸುವವರಿಗೆ ವಾತಾವರಣದ ಬಗ್ಗೆಯೂ ಒಂದು ಮಾತು. ಮೂಗು ಚುರುಕಾಗಿರುವುದು ಬೆಳಗಿನ ಹತ್ತು ಹನ್ನೊಂದು ಗಂಟೆಗೆ, ಹೊಟ್ಟೆ ಅರೆ ಖಾಲಿ ಇರುವಾಗ. ಆದರೆ ಭಾನುವಾರದ ಆ ಹೊತ್ತಿಗೆ ನಮ್ಮ ಮನೆಗಳಲ್ಲಿ ಊದುಬತ್ತಿ, ಒಗ್ಗರಣೆ, ಪಕ್ಕದ ಮನೆಯ ಮೀನು ಎಲ್ಲವೂ ಒಟ್ಟಿಗೆ ಗಾಳಿಯಲ್ಲಿರುತ್ತವೆ. ನಾವು ಮೂರನೆಯ ವಾರದಿಂದ ತಾರಸಿಯ ಮೇಲಿನ ಕೋಣೆಗೆ ಹೋದೆವು. ಲೋಟಗಳಿಗೆ ತಟ್ಟೆ ಮುಚ್ಚಿಡಬೇಕು. ಬಿಯರನ್ನು ಫ್ರಿಜ್ಜಿನ ಚಳಿಯಲ್ಲಿ ಕೊಡದೆ 10ರಿಂದ 12 ಡಿಗ್ರಿಗೆ ಬರುವವರೆಗೆ ಬಿಡಬೇಕು, ಏಕೆಂದರೆ ತಣ್ಣಗಿನ ಬಿಯರು ತನ್ನ ದೋಷಗಳನ್ನು ಮುಚ್ಚಿಟ್ಟುಕೊಳ್ಳುತ್ತದೆ. ದೀರ್ಘವಾಗಿ ಎಳೆಯದೆ ಎರಡು ಮೂರು ಗಿಡ್ಡ ಉಸಿರಿನಲ್ಲಿ ಮೂಸಬೇಕು. ಮೂಗು ಸೋತಾಗ ಸ್ವಂತ ತೋಳಿನ ಮಡಿಕೆಯನ್ನು ಮೂಸಿದರೆ ಅದು ಮತ್ತೆ ತನ್ನ ಸ್ಥಾನಕ್ಕೆ ಬರುತ್ತದೆ. ಒಂದು ಕೂಟಕ್ಕೆ ಆರು ದೋಷಗಳು ಹೆಚ್ಚೆಂದರೆ ಮಿತಿ, ಕಿಟ್ ಸೂಚಿಸುವ ಹನ್ನೆರಡು ಯಾವ ಮೂಗಿನಿಂದಲೂ ಆಗದ ಕೆಲಸ. ಉಗಿಯಲು ಪಾತ್ರೆ ಇರಲಿ. ಕಾಫಿಯವನಾದ ನನಗೆ ಅದು ಸಹಜ, ಬಿಯರಿನ ಹುಡುಗರಿಗೆ ಉಗಿಯುವುದೆಂದರೆ ಅವಮಾನ.

ಎಲ್ಲ ವಾಸನೆಯೂ ಎಲ್ಲ ಕಡೆಯೂ ದೋಷವಲ್ಲ ಎಂಬುದನ್ನು ಕಿಟ್ ಚೆನ್ನಾಗಿಯೇ ತಿಳಿಸುತ್ತದೆ. ಐಸೋಅಮೈಲ್ ಅಸಿಟೇಟ್ ಬೆರೆಸಿದ ಲಾಗರು ಕಳಿತ ಬಾಳೆಹಣ್ಣು ನಾರಿತು, ಅದೂ ಏಲಕ್ಕಿ ಬಾಳೆಯಲ್ಲ, ಪಚ್ಚಬಾಳೆ. ಅದೇ ವಸ್ತು ಬವೇರಿಯಾದ ಗೋಧಿ ಬಿಯರಿನಲ್ಲಿ ಲವಂಗದ ವಾಸನೆಯ ಜೊತೆಗೂಡಿ ಇರಲೇಬೇಕಾದ ಗುಣ. ಕರಾವಳಿಯ ಮಳೆಗಾಲದ ಗಾಳಿಗೆ ಬೀನ್ಸನ್ನು ಹರವಿ ಉಬ್ಬಿಸುವ ಮಾನ್ಸೂನ್ಡ್ ಮಲಬಾರ್ ಕಾಫಿಯ ಮಾಗಿದ ಮಣ್ಣಿನ ಗುಣ ಬೇರೆ ಯಾವ ಲಾಟಿನಲ್ಲಿ ಕಂಡರೂ ನಾನು ತಿರಸ್ಕರಿಸುತ್ತಿದ್ದೆ, ಅಲ್ಲಿ ಅದು ಇಲ್ಲದಿದ್ದರೆ ತಿರಸ್ಕರಿಸುತ್ತಿದ್ದೆ.

ಕಿಟ್‌ನ ದೊಡ್ಡ ಕೊರತೆ ಒಂದೊಂದು ದೋಷಕ್ಕೆ ಒಂದೇ ಕ್ಯಾಪ್ಸೂಲ್ ಇಟ್ಟಿರುವುದು. ಹೆಸರು ತಿಳಿದು ಮೂಸುವುದು ಪಾಠದ ಮೊದಲ ಭಾಗ. ಹೆಸರು ತಿಳಿಯದೆ, ಒಂದು ವಾರ ಬಿಟ್ಟು, ಮತ್ತೆ ಮೂಸಿ ಹೇಳುವುದು ನಿಜವಾದ ಕಲಿಕೆ. ಅದಕ್ಕೆ ಇಲ್ಲಿ ಸಾಮಗ್ರಿಯೇ ಇಲ್ಲ. ಒಂದು ಲೀಟರಿನಲ್ಲಿ ಐದು ಜನರಿಗೆ ತಲಾ 100 ಮಿಲಿ ಹೋದರೆ ಉಳಿದರ್ಧ ಮೋರಿಗೆ. ಇಪ್ಪತ್ತು ಜನರ ತರಗತಿಗೆ ಹೊಂದುವ ಅಳತೆಯಿದು, ಸಣ್ಣ ಗುಂಪಿಗಲ್ಲ. ಎರಡನೆಯ ವಾರದಿಂದ ನಾವು ಬ್ರೂವರಿಯ ಸೂಕ್ಷ್ಮ ತಕ್ಕಡಿಯಲ್ಲಿ ಪುಡಿಯನ್ನು ಎರಡು ಪಾಲು ಮಾಡಿ, ಒಂದನ್ನು ಗಾಳಿಯಾಡದ ಸಣ್ಣ ಸೀಸೆಯಲ್ಲಿ ಫ್ರೀಜರಿನಲ್ಲಿಟ್ಟೆವು. ಏಪ್ರಿಲ್‌ನಲ್ಲಿ, ಹೆಸರಿನ ಬದಲು ಸಂಖ್ಯೆ ಬರೆದು, ಹಾಗೆ ತೆಗೆದಿಟ್ಟಿದ್ದರಲ್ಲಿ 12 ದೋಷಗಳನ್ನು ಮತ್ತೆ ಪರೀಕ್ಷಿಸಿಕೊಂಡಾಗ ನನಗೆ ಸರಿಯಾದವು 7, ಹುಡುಗನಿಗೆ 9, ಡೇರಿಯವರಿಗೆ 10. ನಾವು ತಪ್ಪಿದ್ದರಲ್ಲಿ ಹೆಚ್ಚಿನವು ಹೆಚ್ಚಿಗೆ ಎಳೆದ ಕಾಲಂನಲ್ಲಿ ನಮ್ಮದೇ ಪದವನ್ನು ಬರೆಯದೆ ಖಾಲಿ ಬಿಟ್ಟಿದ್ದವು. ಐದು ಜನರ ಲೆಕ್ಕದಿಂದ ಏನನ್ನೂ ಸಾಬೀತುಪಡಿಸಲಾಗದು, ಆದರೂ ಹಾಳೆಗಳನ್ನು ಜೋಡಿಸಿ ನೋಡಿದಾಗ ನನಗೆ ಅಚ್ಚರಿಯಾಗಲಿಲ್ಲ.

ಕಲಿತದ್ದರ ಒಂದು ನಷ್ಟವೂ ಇದೆ. ಮೇ ತಿಂಗಳಲ್ಲಿ ನಗರದ ಒಂದು ಹೋಟೆಲಿನಲ್ಲಿ ಡ್ರಾಟ್ ಬಿಯರ್ ತರಿಸಿದಾಗ ಬೆಣ್ಣೆಯ ಜಿಡ್ಡೂ ಅದರ ಬೆನ್ನಿಗೇ ವಿನೆಗರಿನ ಹುಳಿಯೂ ಒಟ್ಟಿಗೆ ಬಂದವು. ಪೈಪು ತೊಳೆಯದ್ದರ ಲಕ್ಷಣ. ಎರಡು ವಾರಕ್ಕೊಮ್ಮೆ ತೊಳೆಯಬೇಕೆಂಬುದು ಈ ವೃತ್ತಿಯಲ್ಲಿ ಒಪ್ಪಿತವಾದ ನಿಯಮ. ಪರಿಚಾರಕನಿಗೆ ವಿನಯದಿಂದಲೇ ಹೇಳಿದೆ. "ಸಾರ್, ನಮ್ಮ ಬಿಯರ್ ಟೇಸ್ಟೇ ಹೀಗೆ, ಎಲ್ಲರೂ ಇಷ್ಟಪಡ್ತಾರೆ" ಎಂದ. ಮೊದಲಾಗಿದ್ದರೆ ನಾನೂ ಇಷ್ಟಪಟ್ಟು ಕುಡಿದು ಬರುತ್ತಿದ್ದೆ.

ಬ್ರೂವರಿಗಳಿಗೆ, ಪರೀಕ್ಷೆಗೆ ಕೂರುವವರಿಗೆ ಈ ಪೆಟ್ಟಿಗೆ ಹಣಕ್ಕೆ ತಕ್ಕದ್ದು. ಒಂದೇ ಅಳತೆಯ, ಅಪಾಯವಿಲ್ಲದ, ನಂಬಬಹುದಾದ ದೋಷವನ್ನು ಮನೆಯಲ್ಲಿ ತಯಾರಿಸಿಕೊಳ್ಳಲಾಗದು. ಒಬ್ಬರೇ ಕೊಳ್ಳುವುದಾದರೆ ಬೇಡ. 24ರ ಪೆಟ್ಟಿಗೆಯ ಬದಲು ಬಿಡಿ ಕ್ಯಾಪ್ಸೂಲ್ ಸಿಗುವಲ್ಲಿ ಡೈಅಸಿಟೈಲ್, ಡಿಎಂಎಸ್, ನೊನೆನಾಲ್, ಕ್ಲೋರೋಫೀನಾಲ್, ಐಸೋವ್ಯಾಲರಿಕ್ ಮತ್ತು ಟಿಸಿಎ, ಈ ಆರನ್ನು ತಲಾ ಎರಡು ಕೊಳ್ಳಿ. ಹುಳಿಗೆ ವಿನೆಗರ್ ಇದೆ, ಲವಂಗ ಡಬ್ಬಿಯಲ್ಲಿದೆ, ಬಿಸಿಲು ತಾರಸಿಯಲ್ಲಿದೆ. ತರಿಸುವ ಮೊದಲು ಕ್ಯಾಪ್ಸೂಲುಗಳ ಅವಧಿ ಮುಗಿಯುವ ದಿನಾಂಕವನ್ನು ಬರೆದು ಕೇಳಿ, ನಮ್ಮದಕ್ಕೆ ಉಳಿದಿದ್ದದ್ದು ಐದು ತಿಂಗಳು ಮಾತ್ರ. ಹುಡುಗನ ಪರೀಕ್ಷೆ ನವೆಂಬರಿನಲ್ಲಿದೆ. ಅವನಿಗಾಗಿ ಈ ಆರನ್ನು ನಾವು ಮತ್ತೆ ತರಿಸುತ್ತಿದ್ದೇವೆ, ಮರ್ಕ್ಯಾಪ್ಟನ್ ಪಟ್ಟಿಯಲ್ಲಿಲ್ಲ ಎಂಬುದನ್ನು ನನ್ನ ಹೆಂಡತಿ ತಾನೇ ಓದಿ ಖಚಿತಪಡಿಸಿಕೊಂಡಿದ್ದಾಳೆ.